ಸಿಗಡಿ ಹೊಟ್ಟಿನ ಕೆಂಪು

ಬಿಸ್ಮಿಲ್ಲಾ ಬೀ ಯಾರನ್ನೂ ನಂಬುವವಳಲ್ಲ. ಬಸವಕಲ್ಯಾಣದ ಅವಳ ಗಲ್ಲಿಯಲ್ಲಿ ಯಾರನ್ನು ಕೇಳಿದರೂ ಈ ಮಾತು ಹೇಳುತ್ತಾರೆ. ಅವಳನ್ನೇ ಕೇಳಿದರೂ ಒಪ್ಪಿಕೊಳ್ಳುತ್ತಾಳೆ, ಆದರೆ ನೀವು ಯಾಕೆ ಕೇಳಿದಿರಿ ಎಂಬುದನ್ನು ಮೊದಲು ತಿಳಿದುಕೊಳ್ಳುತ್ತಾಳೆ. ತರಕಾರಿಯವನು ತೂಗಿದ ಮೇಲೆ ಎರಡು ಹಸಿಮೆಣಸಿನಕಾಯಿ ಪುಕ್ಕಟೆ ಹಾಕಿದನೋ, ಚೀಲವನ್ನು ಅಲ್ಲಿಯೇ ಸುರುವಿ ಬದನೆಕಾಯಿ ಒಂದೊಂದನ್ನೂ ತಿರುವಿ ನೋಡುತ್ತಾಳೆ. ಬಸ್ಸಿನಲ್ಲಿ ಪಕ್ಕದವರು ಯಾವ ಊರು ಎಂದರೆ ಬೇರೆಯೇ ಊರಿನ ಹೆಸರು ಹೇಳಿ, ಇಳಿಯುವಾಗ ಸಿಕ್ಕಿಬೀಳುತ್ತಾಳೆ. ಮದುವೆಯಾಗಿ ಹೋದ ಮಗಳು ಮೆಹರೀನ್ ಫೋನಿನಲ್ಲಿ ಆರಾಮ ಇದ್ದೀನಿ ಅಮ್ಮಿ ಎಂದರೆ, ಹಾಗೆ ಹೇಳಿಸಲು ಪಕ್ಕದಲ್ಲಿ ಯಾರು ನಿಂತಿದ್ದಾರೆ ಎಂದು ಕೇಳುತ್ತಾಳೆ. ಒಟ್ಟಿನಲ್ಲಿ ಅವಳ ಜೊತೆ ಬಾಳುವುದು ಸುಲಭವಲ್ಲ, ಬಾಳಿದವರೂ ಹೆಚ್ಚು ಜನ ಇಲ್ಲ.

ಈ ಗುಣ ಅರ್ಧ ತಂದೆಯಿಂದ ಬಂದದ್ದು. ತಂದೆ ಅಜೀಮುದ್ದೀನ್ ಬಟ್ಟೆಗೆ ಬಣ್ಣ ಹಾಕುವ ರಂಗರೇಜ. ಕೋಟೆಯ ಕಡೆಯ ಓಣಿಯಲ್ಲಿ ಅವನ ಹಂಡೆಗಳಿದ್ದವು. ಮದುಮಗ ತಲೆಗೆ ಸುತ್ತುವ ಪಟಗ, ಓಢಣಿ, ಹೊಲದವರ ಕರಿ ಕಂಬಳಿಯ ಅಂಚು, ಎಲ್ಲ ಅವನ ಕೈಯಲ್ಲೇ ಬಣ್ಣ ಕಾಣಬೇಕು. ಯಾವ ಬಣ್ಣಕ್ಕೆ ಏನು ಬೆರೆಸುತ್ತೇನೆಂಬುದನ್ನು ಅವನು ಬಾಯಿಬಿಟ್ಟವನಲ್ಲ. ಕೊನೆಯ ಹಿಡಿ ಹಾಕುವಾಗ ಬಾಗಿಲು ಮುಚ್ಚುತ್ತಿದ್ದ. ಸ್ವಂತ ತಮ್ಮ ಕೇಳಿದಾಗ ತಪ್ಪು ಅಳತೆ ಹೇಳಿ, ಆ ತಮ್ಮನ ಬಟ್ಟೆ ಕಲೆಕಲೆಯಾಗಿ ಬಂದದ್ದನ್ನು ನೋಡಿ ನಕ್ಕಿದ್ದ. ರಂಗರೇಜರ ಮನೆಯಲ್ಲಿ ಕೆಲಸದ ಮಾತು ಹೊಸಿಲು ದಾಟಬಾರದು ಎಂಬುದನ್ನು ಬಿಸ್ಮಿಲ್ಲಾ ಬೀ ನಡೆಯಲು ಕಲಿಯುವಾಗಲೇ ಕಲಿತಳು.

ಇನ್ನರ್ಧ ಗಂಡ ಮಕ್ಬೂಲ್ ಕಲಿಸಿದ್ದು. ಅವನು ಲಾರಿ ಡ್ರೈವರ್, ಹುಮನಾಬಾದಿನಿಂದ ಸೊಲ್ಲಾಪುರಕ್ಕೆ ಬೇಳೆ ಸಾಗಿಸುತ್ತಿದ್ದ. ಒಂದು ಸಲ ಮನೆಗೆ ಬಂದಾಗ ಅವನ ಅಂಗಿಯ ಕಾಲರಿನಲ್ಲಿ ಬಿಸ್ಮಿಲ್ಲಾ ಬೀ ಎಂದೂ ಹಚ್ಚದ ತಲೆ ಎಣ್ಣೆಯ ವಾಸನೆ ಇತ್ತು. ಅತ್ತೆ ಆಣೆ ಮಾಡಿದಳು, ನೆರೆಯವರು ಬುದ್ಧಿ ಹೇಳಿದರು, ಸುಮ್ಮನೆ ಬಂಗಾರದಂಥ ಗಂಡನ ಮೇಲೆ ಗೂಬೆ ಕೂರಿಸಬೇಡ ಎಂದರು. ಬಿಸ್ಮಿಲ್ಲಾ ಬೀ ಕಂಕುಳಲ್ಲಿ ಕೂಸನ್ನು ಎತ್ತಿಕೊಂಡು ಸೊಲ್ಲಾಪುರದ ಬಸ್ಸು ಹತ್ತಿದಳು. ಅಲ್ಲಿ ಒಂದು ಮನೆಯ ಬಾಗಿಲಲ್ಲಿ ಬೇರೊಂದು ಕೂಸು ಮಕ್ಬೂಲನನ್ನು ಅಬ್ಬಾ ಎಂದು ಕರೆಯುತ್ತಿತ್ತು. ಅವತ್ತೇ ತವರಿಗೆ ಬಂದಳು, ಮತ್ತೆ ಹಿಂದಿರುಗಿ ನೋಡಲಿಲ್ಲ. ಅಂದಿನಿಂದ ಅವಳು ಲೋಕವನ್ನೆಲ್ಲ ಅನುಮಾನಿಸಿದಳು, ತನ್ನ ಅನುಮಾನವೊಂದನ್ನು ಬಿಟ್ಟು.

ತಂದೆ ತೀರಿಕೊಂಡ, ಹಂಡೆಗಳು ಗುಜರಿಗೆ ಹೋದವು. ಅಂಗಡಿಯಲ್ಲಿ ಬಣ್ಣದ ಬಟ್ಟೆಯೇ ಸಿಗುವಾಗ ರಂಗರೇಜನ ಮಗಳಿಗೆ ಏನು ಕೆಲಸ? ಮನೆಮನೆಯ ಕಸಮುಸುರೆ ಮಾಡಿ ಮಗಳನ್ನು ಸಾಕಿದಳು. ಹುಮನಾಬಾದಿನ ಗುರುನಾಥ ಸಾಹುಕಾರರ ಫ್ಯಾಕ್ಟರಿಗೆ ಹೆಂಗಸರು ಬೇಕಂತೆ ಎಂದು ಯಾರೋ ಹೇಳಿದಾಗ, ಯಾಕೆ ಹೆಂಗಸರೇ ಬೇಕು ಎಂದು ವಾರ ಯೋಚಿಸಿ ಆಮೇಲೆ ಹೋದಳು.

ಈ ಫ್ಯಾಕ್ಟರಿಯ ಮೇಲೆ ಅನುಮಾನ ಪಟ್ಟವಳು ಅವಳೊಬ್ಬಳೇ ಅಲ್ಲ, ಇಡೀ ಹುಮನಾಬಾದೇ ಪಟ್ಟಿತ್ತು. ಗುರುನಾಥ ಧಾನ್ಯದ ಅಡತ್ ವ್ಯಾಪಾರಿ. ಮನೆಯೊಳಗೆ ತತ್ತಿಯನ್ನೂ ತರದ ಮನೆತನ. ಇಂಡಸ್ಟ್ರಿಯಲ್ ಏರಿಯಾದಲ್ಲಿ ಬಾಗಿಲು ಹಾಕಿದ್ದ ಔಷಧಿ ಕಾರ್ಖಾನೆಯೊಂದನ್ನು ಕೊಂಡು, ಆಂಧ್ರದ ಕರಾವಳಿಯಿಂದ ಲಾರಿಗಟ್ಟಲೆ ಸಿಗಡಿ ಸಿಪ್ಪೆ ತರಿಸತೊಡಗಿದ. ಅಲ್ಲಿ ಸಿಗಡಿಯ ಮಾಂಸ ಪರದೇಶಕ್ಕೆ ಹೋಗುತ್ತದೆ, ತಲೆ ಮತ್ತು ಸಿಪ್ಪೆ ತಿಪ್ಪೆಗೆ ಬೀಳುತ್ತವೆ. ಆ ತಿಪ್ಪೆಯ ಮಾಲನ್ನೇ ಒಣಗಿಸಿ ಮೂಟೆ ಕಟ್ಟಿ ಕಳಿಸುತ್ತಿದ್ದರು. ಗುರುನಾಥ ಅದನ್ನು ಬಾಯಿತಪ್ಪಿಯೂ ಸಿಗಡಿ ಅನ್ನುತ್ತಿರಲಿಲ್ಲ, ಹೊಟ್ಟು ಅನ್ನುತ್ತಿದ್ದ. ಸಂಜೆ ಮನೆಗೆ ಹೋದೊಡನೆ ಹಿತ್ತಲಲ್ಲೇ ಸ್ನಾನ. ಆದರೆ ಏರಿಯಾದ ಬೆಕ್ಕುಗಳೆಲ್ಲ ಅವನ ಗೇಟಿನ ಮುಂದೆ ಸಭೆ ಸೇರುವುದನ್ನು ಹೇಗೆ ಮುಚ್ಚಿಡುವುದು? ಒಳಗೆ ರಕ್ತ ಕಾಯಿಸುತ್ತಾರೆ ಎಂದು ಕೆಲವರು, ಸಾಹುಕಾರ ಗುಟ್ಟಾಗಿ ಮೀನು ತಿನ್ನಲು ಕಲಿತಿದ್ದಾನೆ ಎಂದು ಕೆಲವರು ಮಾತಾಡಿಕೊಂಡರು.

ಬಿಸ್ಮಿಲ್ಲಾ ಬೀ ಸಮುದ್ರ ಕಂಡವಳಲ್ಲ. ಸಿಪ್ಪೆಯನ್ನು ಮೊರದಲ್ಲಿ ಕೇರಿ, ಕಪ್ಪಾದದ್ದನ್ನು ಆರಿಸಿ ತೆಗೆಯುವ ಕೆಲಸ ಅವಳಿಗೆ ಸಿಕ್ಕಿತು. ಆರಿಸಿದ ಸಿಪ್ಪೆಯನ್ನು ನುಣ್ಣಗೆ ಬೀಸಿ, ಬಿಸಿ ಸೂರ್ಯಕಾಂತಿ ಎಣ್ಣೆಯಲ್ಲಿ ತಿರುವಿ ತಿರುವಿ, ಗಟ್ಟಿ ಬಟ್ಟೆಯಲ್ಲಿ ಒತ್ತಿ ಸೋಸುತ್ತಿದ್ದರು. ಮೊದಲ ದಿನ ಸೋಸಿದ ಎಣ್ಣೆ ನಲ್ಲಿಯಿಂದ ಇಳಿಯುವುದನ್ನು ನೋಡಿ ಅವಳು ಮೊರ ಕೆಳಗಿಟ್ಟು ನಿಂತಳು. ಅಂಥ ಕೆಂಪನ್ನು ತಂದೆಯ ಹಂಡೆಯಲ್ಲೂ ಕಂಡಿರಲಿಲ್ಲ. ಬಾಯ್ಲರ್ ನೋಡಿಕೊಳ್ಳುವ ದಿಗಂಬರನನ್ನು ಕೇಳಿದಳು:

"ಇದರಾಗ ಏನ್ ಕಲಸ್ತೀರೋ ದಿಗಂಬರ? ಖರೇ ಹೇಳು."

"ಏನೂ ಇಲ್ಲ ಖಾಲಾ. ಹೊಟ್ಟು, ಎಣ್ಣಿ. ಅಷ್ಟಽ."

"ಅಷ್ಟಕ್ಕಽ ಇಂಥಾ ರಂಗ್ ಬರತದೇನು? ಯಾರಿಗಿ ಹೇಳ್ತಿ?"

ಅವಳು ತಿಂಗಳುಗಟ್ಟಲೆ ಕಣ್ಣಿಟ್ಟು ನೋಡಿದಳು. ಯಾರೂ ಏನೂ ಬೆರೆಸಲಿಲ್ಲ. ಆ ಕೆಂಪು ಸಿಪ್ಪೆಯೊಳಗೇ ಇತ್ತು. ಈ ಎಣ್ಣೆ ಹೈದರಾಬಾದಿಗೆ ಹೋಗಿ ಕೋಳಿಯ ಮೇವಿಗೆ ಸೇರುತ್ತದೆ, ಅದನ್ನು ತಿಂದ ಕೋಳಿಯ ತತ್ತಿಯ ಹಳದಿ ಕೆಂಪೇರುತ್ತದೆ ಎಂದು ತಿಳಿದಾಗ, ಜನ ತತ್ತಿಯಲ್ಲೂ ಮೋಸ ಮಾಡುತ್ತಾರಲ್ಲ ಎಂದು ಅವಳಿಗೆ ಒಂಥರಾ ಸಮಾಧಾನವಾಯಿತು.

ಬಣ್ಣ ಅಳೆಯುವ ಅವಳ ರೀತಿಯನ್ನು ಗುರುನಾಥ ಗಮನಿಸಿದ. ಎಣ್ಣೆಯಲ್ಲಿ ಬೆರಳದ್ದಿ ಬಿಳಿ ಬಟ್ಟೆಯ ಚೂರಿಗೆ ಒರೆಸಿ ಬೆಳಕಿಗೆ ಹಿಡಿಯುತ್ತಿದ್ದಳು, ರಂಗರೇಜರು ಮಾಡುವಂತೆ. ಹಳೆಯ ಸ್ಟೋರ್‌ಕೀಪರ್ ಕೆಲಸ ಬಿಟ್ಟಾಗ ಗುರುನಾಥ ಬೀಗದ ಕೈಯನ್ನು ಅವಳ ಕೈಗೆ ಹಾಕಿದ. "ಯಾರನ್ನೂ ನಂಬಲಾರದ ಮನಿಷ್ಯಾನೇ ಸ್ಟೋರಿಗಿ ಬೇಕು," ಎಂದು ನಕ್ಕ. ಅದು ಹೊಗಳಿಕೆಯೋ ಕುಹಕವೋ ಎಂದು ಅವಳು ರಾತ್ರಿ ಊಟ ಮಾಡುವಾಗಲೂ ಯೋಚಿಸಿದಳು.

ಸ್ಟೋರಿನಲ್ಲಿ ಕೆಂಪೆಣ್ಣೆಯ ಡ್ರಮ್ಮುಗಳು ಬಿಗಿಯಾಗಿ ಮುಚ್ಚಿ ಸಾಲಾಗಿ ನಿಂತಿರುತ್ತಿದ್ದವು. ಹೈದರಾಬಾದಿನ ಲಾರಿ ಬರುವ ತನಕ ಅಲ್ಲೇ. ಅವುಗಳನ್ನು ನೋಡಿದಾಗ ಬಿಸ್ಮಿಲ್ಲಾ ಬೀಗೆ ಉಸಿರು ಕಟ್ಟಿದಂತಾಗುತ್ತಿತ್ತು. ಅವಳ ತಂದೆಯ ಕಾಲದಲ್ಲಿ ಮನೆಯಲ್ಲಿ ಕಪ್ಪು ಬಣ್ಣಕ್ಕೆ ಬೆಲ್ಲದ ನೀರಿನಲ್ಲಿ ಕಬ್ಬಿಣದ ಚೂರು ಹಾಕಿ ಹುಳಿ ಬರಿಸುತ್ತಿದ್ದರು. ಒಮ್ಮೆ ಯಾರೋ ಆ ಗಡಿಗೆಯ ಬಾಯಿಯನ್ನು ಬಿಗಿಯಾಗಿ ಕಟ್ಟಿ, ಅದು ಒಡೆದು, ಗೋಡೆಯೆಲ್ಲ ಕಪ್ಪಾಗಿ ತಂದೆಯ ಕಾಲು ಕೊಯ್ದಿತ್ತು. ಅಂದಿನಿಂದ ದಿನಾ ಬೆಳಿಗ್ಗೆ ಗಡಿಗೆಯ ಬಾಯಿ ಬಿಚ್ಚಿ, ಅಲ್ಲಾನ ಹೆಸರು ಹೇಳಿ, ಕೋಲಿನಿಂದ ತಿರುವಿ ಗಾಳಿ ಕೊಡುವುದು ಮನೆಯ ಹೆಣ್ಣುಮಕ್ಕಳ ಪಾಲಿಗೆ ಬಂತು. ಬಣ್ಣವೆಂದರೆ ಉಸಿರಾಡುವ ಪ್ರಾಣಿ ಎಂದೇ ಅವಳ ತಿಳಿವಳಿಕೆ. ಇಲ್ಲಿಯೂ ಅವಳು ಹಾಗೆಯೇ ಮಾಡತೊಡಗಿದಳು. ಬಸವಕಲ್ಯಾಣದಿಂದ ಮೊದಲ ಬಸ್ಸಿಗೆ ಬಂದು, ಎಲ್ಲರಿಗಿಂತ ಮುಂಚೆ ಸ್ಟೋರು ತೆಗೆದು, ಕಿಟಕಿ ತೆರೆದು, ಡ್ರಮ್ಮುಗಳ ಮುಚ್ಚಳ ಬಿಚ್ಚಿ ಒಂದೊಂದನ್ನೂ ಪ್ರೀತಿಯಿಂದ ತಿರುವುತ್ತಿದ್ದಳು. ಉಳಿದವರು ಬರುವ ಹೊತ್ತಿಗೆ ಮತ್ತೆ ಮುಚ್ಚುತ್ತಿದ್ದಳು. ಯಾರಿಗೂ ಹೇಳಲಿಲ್ಲ. ಹೇಳುವ ರೂಢಿಯೇ ಅವಳ ಮನೆತನದಲ್ಲಿ ಇರಲಿಲ್ಲವಲ್ಲ.

ಅದೇ ಹೊತ್ತಿಗೆ ಲ್ಯಾಬಿಗೆ ಪೂನಂ ಬಂದಳು. ದುಬಲಗುಂಡಿಯ ಹುಡುಗಿ, ಬಿಎಸ್ಸಿ ಓದಿದವಳು. ತಾಯಿ ಮಾಣಿಕಮ್ಮ ಕೂಲಿ ಮಾಡಿ ಓದಿಸಿದ್ದಳು, ತಂದೆ ಇಲ್ಲ. ಸೋಸಿದ ದಿನವೇ ಎಣ್ಣೆಯನ್ನು ಗಾಜಿನ ನಳಿಗೆಯಲ್ಲಿ ಹಾಕಿ ಯಂತ್ರದಲ್ಲಿಟ್ಟು ಬಣ್ಣ ಎಷ್ಟಿದೆ ಎಂದು ಹೇಳುವುದು ಅವಳ ಕೆಲಸ. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಮಾತಾಡದವರ ಹೊಟ್ಟೆಯಲ್ಲಿ ಏನೋ ಇರುತ್ತದೆ ಎಂದು ಬಿಸ್ಮಿಲ್ಲಾ ಬೀ ಮೊದಲ ದಿನವೇ ತೀರ್ಮಾನಿಸಿದಳು. ಲ್ಯಾಬಿಗೆ ಹೊಕ್ಕು ಅವಳ ಬಾಟಲಿಗಳನ್ನೆಲ್ಲ ಒಂದೊಂದಾಗಿ ತೆರೆದು ಮೂಸಿ ನೋಡುವ ಚಟ ಹತ್ತಿಸಿಕೊಂಡಳು.

ಸ್ವಲ್ಪ ದಿನದಲ್ಲೇ ಹೈದರಾಬಾದಿನಿಂದ ಡ್ರಮ್ಮುಗಳು ವಾಪಸು ಬಂದವು. ಬಣ್ಣ ಸಾಲದು ಎಂದಿದ್ದರು. ಮುಚ್ಚಳ ತೆಗೆದು ನೋಡಿದರೆ ಕೆಂಪು ಹೋಗಿ ಮಾಸಿದ ಕಿತ್ತಳೆ ಬಣ್ಣವಾಗಿತ್ತು. ಮುಂದಿನ ಮಾಲೂ ಹಾಗೆಯೇ ವಾಪಸು ಬಂತು. ಗುರುನಾಥ ಎಲ್ಲರನ್ನೂ ಗೇಟಿನ ಬಳಿ ನಿಲ್ಲಿಸಿ ಕೂಗಾಡಿದ. ಒಳಗಿನವರೇ ಯಾರೋ ಕೆಂಪೆಣ್ಣೆ ಕದ್ದು ಸಾದಾ ಎಣ್ಣೆ ಸುರಿಯುತ್ತಿದ್ದಾರೆ, ಇನ್ನೊಂದು ಸಲ ಮಾಲು ವಾಪಸಾದರೆ ಫ್ಯಾಕ್ಟರಿಗೆ ಬೀಗ ಎಂದ. ಅಂದಿನಿಂದ ಅಲ್ಲಿ ಒಬ್ಬರ ಬುತ್ತಿಯನ್ನು ಇನ್ನೊಬ್ಬರು ಮುಟ್ಟಲಿಲ್ಲ. ದಿಗಂಬರ ಉಚ್ಚೆಗೆ ಹೋದರೂ ಎಲ್ಲಿಗೆ ಹೋದ ಎಂದು ಕೇಳುವವರಿದ್ದರು.

ಬಿಸ್ಮಿಲ್ಲಾ ಬೀಗೆ ಇದು ಹೇಳಿಮಾಡಿಸಿದ ಕಾಲ. ಅವಳು ಯಾರನ್ನೂ ಬಿಡದೆ ಎಲ್ಲರನ್ನೂ ನೋಡಿದಳು. ಒಂದು ಸಂಜೆ ಲ್ಯಾಬಿನ ಬಾಗಿಲ ಸಂದಿಯಿಂದ ನೋಡಿದಾಗ ಪೂನಂ ಪುಟ್ಟ ಬಾಟಲಿಯಲ್ಲಿ ಕೆಂಪೆಣ್ಣೆ ತುಂಬಿ, ಕಪ್ಪು ಬಟ್ಟೆ ಸುತ್ತಿ, ಬ್ಯಾಗಿನ ಒಳಜೇಬಿಗೆ ಇಡುತ್ತಿದ್ದಳು. ಬಿಸ್ಮಿಲ್ಲಾ ಬೀಯ ಎದೆ ಹೊಡೆದುಕೊಂಡಿತು. ಸೊಲ್ಲಾಪುರದ ಆ ಬಾಗಿಲಲ್ಲಿ ನಿಂತಾಗ ಹೊಡೆದುಕೊಂಡಿದ್ದೂ ಹೀಗೆಯೇ. ನೆಟ್ಟಗೆ ಗುರುನಾಥನ ಕೋಣೆಗೆ ಹೋದಳು.

ಗೇಟಿನಲ್ಲಿ ಎಲ್ಲರೆದುರು ಬ್ಯಾಗು ಬಿಚ್ಚಿಸಿದರು. ಬಾಟಲಿ ಹೊರಗೆ ಬಂತು.

"ಟೆಸ್ಟ್ ಸಲುವಾಗಿ ಒಯ್ಯಾಕತ್ತಿದ್ದೆರಿ ಸರ್. ಬಾಗಿಲ ಹತ್ರದ ಡ್ರಮ್ಮಿಂದು, ನಿನ್ನೆ ತುಂಬಿದ್ದು," ಎಂದಳು ಪೂನಂ.

"ಟೆಸ್ಟ್ ಮಾಡ್ಲಾಕ ಇಲ್ಲಿ ಲ್ಯಾಬ್ ಕಟ್ಟಿಸಿ ಕೊಟ್ಟೀನಲ್ಲ? ಮನ್ಯಾಗ ಎಂಥಾ ಟೆಸ್ಟ್?"

"ಇಲ್ಲಿ ಇಟ್ರ ಆಗಂಗಿಲ್ರಿ."

"ಯಾಕ ಆಗಂಗಿಲ್ಲ?"

ಪೂನಂ ಒಂದು ಗಳಿಗೆ ಬಿಸ್ಮಿಲ್ಲಾ ಬೀಯನ್ನು ನೋಡಿದಳು, ಆಮೇಲೆ ನೆಲ ನೋಡಿದಳು. "ಈಗ ಹೇಳ್ಲಾಕ ಬರಂಗಿಲ್ರಿ. ಇನ್ನೊಂದೀಟು ದಿನ ಕೊಡ್ರಿ."

"ಇನ್ನೊಂದೀಟು ದಿನ ಕೊಟ್ರ ಡ್ರಮ್ಮೇ ಎತ್ತಿಕೊಂಡು ಹೋಗ್ತಿ," ಎಂದ ಗುರುನಾಥ. ಬಾಟಲಿಯನ್ನು ಕಪ್ಪು ಬಟ್ಟೆಯ ಸಮೇತ ಕಿತ್ತುಕೊಂಡು, ನಾಳೆಯಿಂದ ಬರಬೇಡ ಎಂದು ಕಳಿಸಿಬಿಟ್ಟ. ಹುಡುಗಿ ಹೆದ್ದಾರಿಯ ಕಡೆ ನಡೆದು ಹೋಗುವುದನ್ನು ಬಿಸ್ಮಿಲ್ಲಾ ಬೀ ನೋಡಿದಳು. ಪಾಪ ಅನಿಸಿತೇ? ಇಲ್ಲ, ಅನಿಸಲಿಲ್ಲ. ಕಳ್ಳಿಯನ್ನು ಹಿಡಿದ ಖುಷಿಯಲ್ಲಿ ಅವತ್ತು ಬಸ್ಸಿನಲ್ಲಿ ಪಕ್ಕದವಳಿಗೆ ತನ್ನ ಊರಿನ ಹೆಸರನ್ನು ನಿಜವಾಗಿಯೇ ಹೇಳಿದಳು.

ಹದಿನೈದು ದಿನ ಕಳೆಯುವಷ್ಟರಲ್ಲಿ ಅವಳನ್ನು ಚಿಕನ್‌ಗುನ್ಯಾ ಹಿಡಿದು ಕೆಡವಿತು. ಕೈಕಾಲು ಮಡಚಲು ಬಾರದೆ ಮನೆಯಲ್ಲೇ ಮಲಗಿದಳು. ಸ್ಟೋರಿನ ಬೀಗದ ಕೈ ದಿಗಂಬರನಿಗೆ ಹೋಯಿತು. ಅವನು ಸೋಮಾರಿ, ಲಾರಿ ಬರುವ ತನಕ ಸ್ಟೋರಿನ ಬಾಗಿಲನ್ನೇ ತೆರೆಯುತ್ತಿರಲಿಲ್ಲ. ಅವಳು ಚೇತರಿಸಿಕೊಂಡು ಬರುವಷ್ಟರಲ್ಲಿ ಹೊಸ ಮಾಲು ಹೈದರಾಬಾದಿಗೆ ಹೋಗಿ, ಇಂಥ ಕೆಂಪನ್ನು ಈ ವರ್ಷ ಕಂಡಿರಲಿಲ್ಲ ಎಂಬ ಮಾತು ಬಂದಿತ್ತು. ಗುರುನಾಥ ಗೇಟಿನಲ್ಲೇ ಅವಳಿಗೆ ಶಾಲು ಹೊದಿಸಿ, ಹಾರ ಹಾಕಿ, ಬೀಗದ ಕೈ ಮರಳಿಸಿದ.

"ಕಳ್ಳಿ ಹೋದ್ಲು, ರಂಗ್ ಬಂತು," ಎಂದ. "ಬಿಸ್ಮಿಲ್ಲಾ ಬೀ ಕಣ್ಣಿಲ್ದಿದ್ರ ನಾವೆಲ್ಲಾ ಇವತ್ತು ಬೀದ್ಯಾಗ ಇರ್ತಿದ್ವಿ." ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳಿಗೆ ಜೀವಮಾನದಲ್ಲಿ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಕಣ್ಣು ತುಂಬಿ ಬಂತು.

ಮರುದಿನ ಮೊದಲ ಬಸ್ಸಿಗೆ ಬಂದಳು. ಇಷ್ಟು ದಿನ ಉಸಿರಿಲ್ಲದೆ ಬಿದ್ದಿದ್ದವು ಪಾಪ ಎಂದು ಡ್ರಮ್ಮುಗಳನ್ನು ತೆರೆದು, ಮೊದಲಿಗಿಂತ ಹೆಚ್ಚು ಹೊತ್ತು ತಿರುವಿದಳು. ದಿನಗಳು ಹೋದವು. ಒಂದು ಬೆಳಿಗ್ಗೆ ಬೆರಳದ್ದಿ ಬಿಳಿ ಬಟ್ಟೆಗೆ ಒರೆಸಿ ನೋಡಿದರೆ, ಮತ್ತದೇ ಮಾಸಿದ ಕಿತ್ತಳೆ.

ಪೂನಂ ಹೋಗಿಯಾಗಿದೆ. ಹಾಗಾದರೆ ಈಗ ಯಾರು? ದಿಗಂಬರ! ಅವನ ಕೈಯಲ್ಲಿ ಬೀಗದ ಕೈ ಇತ್ತಲ್ಲ, ಇನ್ನೊಂದು ಮಾಡಿಸಿಕೊಂಡಿರಬೇಕು. ಅವನನ್ನು ಹಿಡಿದುಕೊಡಲು ಗುರುನಾಥನ ಕೋಣೆಗೆ ನಡೆದಳು. ಗುರುನಾಥ ಫೋನಿನಲ್ಲಿದ್ದ, ಕೂತುಕೋ ಎಂದು ಸನ್ನೆ ಮಾಡಿದ. ಅವನ ಮೇಜಿನ ಖಾನೆ ಅರ್ಧ ತೆರೆದಿತ್ತು. ಅದರೊಳಗೆ ಕಪ್ಪು ಬಟ್ಟೆ ಸುತ್ತಿದ ಬಾಟಲಿ. ತೆರೆದದ್ದೇನಾದರೂ ಕಂಡರೆ ಇಣುಕದೆ ಇರುವವಳಲ್ಲ ಅವಳು. ಬಟ್ಟೆ ಬಿಚ್ಚಿ ಬೆಳಕಿಗೆ ಹಿಡಿದಳು.

ಕೆಂಪಗಿತ್ತು. ನಲ್ಲಿಯಿಂದ ಇಳಿದ ದಿನದಷ್ಟೇ ಕೆಂಪು.

ಬಾಗಿಲ ಹತ್ತಿರದ ಡ್ರಮ್ಮಿನದು ಎಂದು ಹುಡುಗಿ ಹೇಳಿದ್ದಳು. ಆ ಡ್ರಮ್ಮು ಬಿಸ್ಮಿಲ್ಲಾ ಬೀಗೆ ಚೆನ್ನಾಗಿ ನೆನಪಿತ್ತು. ಜ್ವರ ಬರುವುದಕ್ಕೆ ಮುಂಚೆಯೇ ಅದು ಮಾಸಿತ್ತು, ಕಳ್ಳಿ ಕೆಡಿಸಿ ಹೋದ ಮಾಲೆಂದು ಲಾರಿಗೆ ಹತ್ತಿಸದೆ ಹಿಂದಕ್ಕೆ ಸರಿಸಿದ್ದರು. ಒಂದೇ ಎಣ್ಣೆ. ಇಲ್ಲಿ ಮುಚ್ಚಿಟ್ಟದ್ದು ಕೆಂಪಗೆ ಉಳಿದಿದೆ, ಅಲ್ಲಿಯದು ಹೋಗಿದೆ. ಹಾಗಾದರೆ ಕಳವು ನಡೆದಿರುವುದು ಸ್ಟೋರಿನೊಳಗೆ. ಸ್ಟೋರಿಗೆ ಹೋಗುವವರು ಯಾರು? ದಿಗಂಬರನ ಕೈಯಲ್ಲಿ ಬೀಗದ ಕೈ ಇದ್ದಾಗ ಬಣ್ಣ ಸರಿ ಇತ್ತು. ಅವನಲ್ಲ. ಪೂನಂ ಇಲ್ಲ. ಡ್ರಮ್ಮಿನ ಮುಚ್ಚಳ ಮುಟ್ಟುವವರು ಯಾರು? ಅವಳ ಅನುಮಾನ ಎಂದಿನಂತೆ ಒಬ್ಬೊಬ್ಬರನ್ನೇ ಬಿಡುತ್ತಾ ಬಂದು, ಕೊನೆಗೆ ಉಳಿದ ಒಬ್ಬರ ಮುಂದೆ ನಿಂತಿತು.

"ಏನ್ ಬಿಸ್ಮಿಲ್ಲಾ ಬೀ, ಏನ್ ಹೇಳ್ಲಾಕ ಬಂದಿದ್ದಿ?" ಎಂದ ಗುರುನಾಥ ಫೋನಿಟ್ಟು.

"ಏನಿಲ್ರಿ ಸಾವ್ಕಾರ್ರ," ಎಂದು ಎದ್ದು ಬಂದಳು.

ಅಂದಿನಿಂದ ಒಂದು ಡ್ರಮ್ಮನ್ನು ಮುಟ್ಟದೆ ಬಿಟ್ಟಳು, ಪಕ್ಕದ್ದನ್ನು ಎಂದಿನಂತೆ ತೆರೆದು ತಿರುವಿದಳು. ಬಿಳಿ ಬಟ್ಟೆಗೆ ಒರೆಸಿ ನೋಡಿದ ದಿನ ಒಂದು ಗೆರೆ ಕೆಂಪು, ಇನ್ನೊಂದು ಮಾಸಲು. ಅವಳು ಸಿಪ್ಪೆಯ ಮೂಟೆಯ ಮೇಲೆ ಕೂತಳು. ಈ ಬಣ್ಣ ಗಾಳಿ ಬೇಡುವ ಬಣ್ಣವಲ್ಲ. ಗಾಳಿ ಬೆಳಕು ತಾಗಿದರೆ ಸಾಯುವ ಬಣ್ಣ. ತಾನು ದಿನಾ ಬೆಳಿಗ್ಗೆ ಅಲ್ಲಾನ ಹೆಸರು ಹೇಳಿ ಅದರ ಕುತ್ತಿಗೆ ಹಿಸುಕುತ್ತಿದ್ದಳು.

ಯಾರಿಗೂ ಗೊತ್ತಿಲ್ಲ. ಇನ್ನು ಮುಂದೆ ಮುಚ್ಚಳ ಮುಟ್ಟದಿದ್ದರೆ ಸಾಕು, ಬಣ್ಣ ತಾನಾಗಿ ಉಳಿಯುತ್ತದೆ. ಶಾಲು ಟ್ರಂಕಿನಲ್ಲಿ ಭದ್ರವಾಗಿರುತ್ತದೆ. ಆದರೆ ಬಣ್ಣ ಉಳಿದಷ್ಟು ದಿನವೂ ಪೂನಂ ಕಳ್ಳಿಯಾಗಿಯೇ ಉಳಿಯುತ್ತಾಳೆ. ಇದನ್ನು ಅವಳು ಯೋಚಿಸಬಾರದೆಂದುಕೊಂಡಷ್ಟೂ ಯೋಚಿಸಿದಳು. ಅಷ್ಟರಲ್ಲಿ ದಿಗಂಬರ ಒಂದು ಸುದ್ದಿ ತಂದ.

"ಆ ಪೂನಂ ಇದಾಳಲ್ಲ ಖಾಲಾ, ಆಕಿ ಬಾಜೂ ಗುಳಿಗಿ ಫ್ಯಾಕ್ಟರಿಗಿ ಕೆಲಸ ಕೇಳ್ಲಾಕ ಹೋಗಿದ್ಲಂತ. ವಾಚ್‌ಮನ್ ಗುರ್ತು ಹಿಡದು ಗೇಟಿನ್ಯಾಗಿಂದೇ ಓಡಿಸ್ಯಾನ. ಈಗ ಅವ್ವನ ಜೋಡಿ ತೊಗರಿ ಹೊಲಕ್ಕ ಕಳೆ ಕೀಳ್ಲಾಕ ಹೋಗ್ತಾಳ." ಅವನು ನಗುತ್ತಾ ಹೇಳಿದ. "ನಿಮ್ಮ ಕಣ್ಣಿಗಿ ಬಿದ್ದೋರು ಉದ್ಧಾರ ಆಗಂಗಿಲ್ಲ ಬಿಡ್ರಿ."

ಆ ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎಲ್ಲರೂ ಒಳಗೆ ಹೋಗಲು ಗೇಟಿನ ಬಳಿ ನಿಂತಿದ್ದಾಗ ಗುರುನಾಥನ ಎದುರು ಹೋಗಿ, ಬೀಗದ ಕೈಯನ್ನು ಅವನತ್ತ ಚಾಚಿದಳು.

"ಸಾವ್ಕಾರ್ರ, ಆ ಪೋರಿ ಕದ್ದಿಲ್ಲ. ರಂಗ್ ನಾ ಕೆಡಿಸೀನಿ."

ಗುರುನಾಥ ನಕ್ಕ. ಅವಳು ಡ್ರಮ್ಮು ತೆರೆದದ್ದು, ತಿರುವಿದ್ದು ಎಲ್ಲ ಹೇಳುತ್ತಾ ಹೋದಂತೆ ಅವನ ನಗು ನಿಂತಿತು. ಕಣ್ಣು ಕಿರಿದಾದವು.

"ದುಬಲಗುಂಡಿಯವ್ರು ನಿನ್ನ ಮನಿಗಿ ಬಂದಿದ್ರೇನು?"

"ಯಾರೂ ಬಂದಿಲ್ರಿ."

"ಮತ್ತ ಯಾರ್ ಹೇಳಿಕೊಟ್ರು ಇದು? ಹೆದರಿಸ್ಯಾರೇನು? ಏನರ ಕೊಟ್ಟಾರೇನು?"

"ಅಲ್ಲಾನ ಆಣಿರಿ, ಯಾರೂ ಏನೂ ಕೊಟ್ಟಿಲ್ಲ."

ಗುಂಪಿನಲ್ಲಿ ಪಿಸುಮಾತು ಎದ್ದಿತು. ಜ್ವರ ತಲೆಗೇರಿದೆ ಎಂದ ಒಬ್ಬ. ಇಲ್ಲ, ಒಳಗೆ ಏನೋ ಇದೆ, ಸುಮ್ಮನೆ ಯಾರಾದರೂ ತಪ್ಪು ಒಪ್ಪಿಕೊಳ್ಳುತ್ತಾರೆಯೇ ಎಂದ ಇನ್ನೊಬ್ಬ. ಅವಳಿಗೆ ಸಿಟ್ಟು ಬಂತು, ಅಳುವೂ ಬಂತು. ಅವಳು ಆ ಹುಡುಗಿಯ ಹೆಸರು ಹೇಳಿದ ದಿನ ಒಬ್ಬನೂ ಸಾಕ್ಷಿ ಕೇಳಿರಲಿಲ್ಲ. ಇವತ್ತು ಸತ್ಯ ಹೇಳಿದರೆ ಊರೆಲ್ಲ ವಕೀಲರಾಗಿದ್ದರು.

"ನಂಬಬ್ಯಾಡ್ರಿ," ಎಂದಳು. "ಎರಡು ಡ್ರಮ್ ತರ್ರಿ. ಒಂದಕ್ಕ ನೀವಽ ಬೀಗ ಹಾಕ್ರಿ. ಇನ್ನೊಂದು ಇಲ್ಲೇ ಎಲ್ಲಾರ ಎದುರಿಗಿ ಇಡ್ರಿ, ನಾ ದಿನಾ ತಗದು ತಿರುವ್ತೀನಿ. ಆಮ್ಯಾಲ ನೋಡ್ರಿ."

ಒಂದು ಡ್ರಮ್ಮು ಮಾಲು ಹಾಳಾಗುತ್ತದೆಂದು ಗುರುನಾಥನ ಹೊಟ್ಟೆ ಉರಿಯಿತು. ಆದರೆ ಅವನೂ ಅನುಮಾನದ ಪ್ರಾಣಿಯೇ, ನೋಡದೆ ಬಿಡಲಾರದಾದ. ಅವಳು ಗೇಟಿನ ಪಕ್ಕದ ಮರದ ಕೆಳಗೆ, ಬರುವವರು ಹೋಗುವವರೆಲ್ಲ ನೋಡುವಂತೆ, ದಿನಾ ಬೆಳಿಗ್ಗೆ ಡ್ರಮ್ಮು ತೆರೆದು ತಿರುವಿದಳು. ಕೆಲಸದವರು ನಿಂತು ನಗುತ್ತಿದ್ದರು. ಕೆಂಪು ದಿನದಿನಕ್ಕೆ ಇಳಿಯತೊಡಗಿದಾಗ ನಗುವೂ ಇಳಿಯಿತು. ಕೊನೆಗೆ ಗುರುನಾಥ ತನ್ನ ಬೀಗ ತೆಗೆದು ಎರಡು ಡ್ರಮ್ಮುಗಳನ್ನೂ ನೋಡಿದ. ಸ್ಟೋರಿನ ಬೀಗದ ಕೈ ಅವಳಿಗೆ ವಾಪಸು ಕೊಡಲಿಲ್ಲ.

"ಮೊರ ಹಿಡಿ ಇನ್ನ," ಎಂದ. "ಮತ್ತ ನೀನಽ ಹೋಗಿ ಆ ಹುಡಿಗಿನ್ನ ಕರಕೊಂಡು ಬಾ. ನನಗ ಮುಖ ಇಲ್ಲ."

ತನಗೆ ಮಾತ್ರ ಮುಖ ಇದೆಯೇ ಎಂದು ಅವಳು ಕೇಳಲಿಲ್ಲ. ದುಬಲಗುಂಡಿಯ ಬಸ್ಸು ಹತ್ತಿದಳು.

ಮಾಣಿಕಮ್ಮ ಮನೆಯ ಕಟ್ಟೆಯ ಮೇಲೆ ತೊಗರಿ ಹರವಿಕೊಂಡು ಹಸನು ಮಾಡುತ್ತಿದ್ದಳು. ಬಂದವಳು ಯಾರೆಂದು ತಿಳಿದ ಮೇಲೆ ಕೈ ನಿಲ್ಲಿಸಲಿಲ್ಲ, ಕೂತುಕೋ ಎನ್ನಲಿಲ್ಲ.

"ಈಗೇನ್ ಹುಡುಕ್ಲಾಕ ಬಂದಿ ಬೀ? ಒಳಗ ಎರಡು ಟ್ರಂಕ್ ಅವ. ತಗದು ನೋಡು ಹೋಗು."

ಬಿಸ್ಮಿಲ್ಲಾ ಬೀ ಅಂಗಳದಲ್ಲೇ ನಿಂತಳು. ಬಿಸಿಲು ಇಳಿಯುವ ಹೊತ್ತಿಗೆ ಪೂನಂ ಹೊಲದಿಂದ ಬಂದಳು, ಕೈಯಲ್ಲಿ ಕಳೆ ತೆಗೆಯುವ ಕುರುಪಿ, ಬೆರಳುಗಳೆಲ್ಲ ಮಣ್ಣು. ಬಿಸ್ಮಿಲ್ಲಾ ಬೀ ಎಲ್ಲವನ್ನೂ ಹೇಳಿದಳು, ಒಂದನ್ನೂ ಬಚ್ಚಿಡಲಿಲ್ಲ. ಹೇಳಿ ಮುಗಿಸಿ, "ನಾಳಿಂದ ಬಾ ಬೇಟಿ. ಸಾವ್ಕಾರ್ರು ಕಳಿಸ್ಯಾರ," ಎಂದಳು.

"ಬರ್ತೀನಿ. ನನಗ ಕೆಲಸ ಬೇಕು," ಎಂದಳು ಪೂನಂ. ಬೆರಳಿನ ಮಣ್ಣು ಉಜ್ಜುತ್ತಾ, "ನನಗ ಗೊತ್ತಿತ್ತು ಖಾಲಾ," ಎಂದಳು.

"ಏನ್ ಗೊತ್ತಿತ್ತು?"

"ಒಂದಿನ ನಾನೂ ಹೊತ್ತಿಗಿ ಮುಂಚೆ ಬಂದಿದ್ದೆ. ನೀವು ಡ್ರಮ್ ತಗದು ತಿರುವಾಕತ್ತಿದ್ರಿ. ಅವತ್ತೇ ನಿಮ್ಮ ಮ್ಯಾಲ ಅನುಮಾನ ಬಂತು."

ಬಿಸ್ಮಿಲ್ಲಾ ಬೀ ಬೆಪ್ಪಾದಳು. "ಮತ್ತ ಗೇಟಿನ್ಯಾಗ ಯಾಕ ಬಾಯಿ ಬಿಡಲಿಲ್ಲ? ನನ್ನ ಹೆಸರು ಹೇಳಿದ್ರ ಅವತ್ತೇ ನೀ ಒಳಗ, ನಾ ಹೊರಗ ಇರ್ತಿದ್ದೆ."

"ಬರೇ ಅನುಮಾನ ಇತ್ತಲ್ಲ ಖಾಲಾ. ಅದು ಖರೇನೋ ಸುಳ್ಳೋ ನೋಡಬೇಕಂತೇ ಬಾಟ್ಲಿ ಮನಿಗಿ ಒಯ್ಯಾಕತ್ತಿದ್ದೆ. ಲ್ಯಾಬಿನ್ಯಾಗ ಇಟ್ರ ನೀವು ತಗದು ಮೂಸಿ ನೋಡ್ತಿದ್ರಿ. ಮುಚ್ಚಿಟ್ಟಿದ್ದು ಕೆಂಪಗೇ ಉಳದ್ರ ಆಮ್ಯಾಲ ನಿಮಗೊಬ್ರಿಗೇ ಹೇಳೋದಿತ್ತು." ಹುಡುಗಿ ಕುರುಪಿಯ ಮಣ್ಣನ್ನು ಕಲ್ಲಿಗೆ ಒರೆಸಿದಳು. "ಖರೇ ಗೊತ್ತಾಗೋದ್ರಾಗ ಒಬ್ಬರ ಹೆಸರು ನಾಲ್ಕು ಮಂದಿ ಎದುರಿಗಿ ಹ್ಯಾಂಗ ತಗೀಲಿ?"

ಬಿಸ್ಮಿಲ್ಲಾ ಬೀ ಆ ಮುಖವನ್ನೇ ನೋಡಿದಳು. ಇದರಲ್ಲಿ ಎಲ್ಲಿಯಾದರೂ ಕೊಂಕು ಇರಬೇಕು, ಹಗೆ ಇರಬೇಕು ಎಂದು ಹುಡುಕಿದಳು. ಏನೂ ಸಿಗಲಿಲ್ಲ. ನಾಚಿಕೆಯಿಂದ ಅವಳಿಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು. ಮಾಣಿಕಮ್ಮ ಕಟ್ಟೆಯ ಮೇಲಿನ ತೊಗರಿಯನ್ನು ಒಂದಿಷ್ಟು ಆಚೆ ಸರಿಸಿ ಜಾಗ ಮಾಡಿ, "ಕುಂದ್ರು ಬೀ," ಎಂದಳು. ಕೂರುವ ಧೈರ್ಯ ಬಿಸ್ಮಿಲ್ಲಾ ಬೀಗೆ ಬರಲಿಲ್ಲ.